ಜೂನ್ ಒಂದರಂದು ಹುಟ್ಟಿದವರು

ದುರ್ಗಿಗುಡಿ, ಶಿವಮೊಗ್ಗ
೨ ಮೇ ೨೦೨೪

ಪ್ರಿಯ ವೀಣಾ,

ನಿನ್ನ ಫೋನಿನಲ್ಲಿ ನನ್ನ ಸಂಖ್ಯೆಗೆ ಪ್ರವೇಶವಿಲ್ಲವೆಂದು ಬಲ್ಲೆ. ಎರಡು ವರ್ಷಗಳಿಂದ ಮುಚ್ಚಿರುವ ಬಾಗಿಲನ್ನು ತಟ್ಟುತ್ತ ನಿಲ್ಲುವುದು ನನ್ನ ಸ್ವಭಾವಕ್ಕೆ ಒಗ್ಗದು. ಆದ್ದರಿಂದ ಅಂಚೆಯನ್ನು ಆಶ್ರಯಿಸಿದ್ದೇನೆ. ಪದವಿ ಪ್ರದಾನದ ದಿನ ವೇದಿಕೆಯ ಮೇಲಿಂದ ನಾನು ಆಡಿದ ಮಾತು, ‘ಎರಡನೆಯ ಸ್ಥಾನವೆಂಬುದು ಸೋಲಿಗೆ ಕೊಟ್ಟ ಮರ್ಯಾದೆಯ ಹೆಸರು’ ಎಂಬುದು, ನಿನ್ನನ್ನು ಕುರಿತದ್ದಾಗಿರಲಿಲ್ಲ. ಎರಡನೆಯ ಸ್ಥಾನದಲ್ಲಿ ನೀನಿದ್ದದ್ದು ಕೇವಲ ಆಕಸ್ಮಿಕ.

ನಿನ್ನ ತಾಯಿ ದುಡಿಯುವ ಸಹಕಾರ ಸಂಘದ ಪ್ರಧಾನ ಕಚೇರಿಗೆ ನಾನು ಗಣಕ ಅಧಿಕಾರಿಯಾಗಿ ಬಂದು ಒಂದು ವರ್ಷ ಸಮೀಪಿಸಿತು. ಇಲ್ಲಿ ಸಂಬಳ, ರಜೆ, ಸೇವಾ ವಿವರಗಳನ್ನೆಲ್ಲ ನೋಡಿಕೊಳ್ಳುವ ಹಳೆಯ ತಂತ್ರಾಂಶವೊಂದಿದೆ. ಅದನ್ನು ಕದಲಿಸದೆ, ಅದರ ಪಕ್ಕದಲ್ಲೇ, ಎಲ್ಲ ಶಾಖೆಗಳ ನೌಕರರೂ ಪರಸ್ಪರ ಸಂದೇಶ ಕಳಿಸಿಕೊಳ್ಳುವ ಹೊಸ ತಂತ್ರಾಂಶವನ್ನು ನಿಲ್ಲಿಸುವ ಹೊಣೆ ನನ್ನದು. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದಂತೆ. ಹೊಗೆ ಮಾತ್ರ ಏಳಕೂಡದು.

ಪ್ರಯೋಗದ ದಿನ ಒಂದು ನಗೆಪಾಟಲು ನಡೆಯಿತು. ಹೊಸದು ಹಳೆಯದರಿಂದ ಹುಟ್ಟುಹಬ್ಬಗಳನ್ನು ತೆಗೆದುಕೊಂಡು ಶುಭಾಶಯಗಳನ್ನು ಸಿದ್ಧಪಡಿಸಿತು. ನೋಡಿದರೆ, ಅರ್ಧ ಸಂಘ ಹುಟ್ಟಿದ್ದು ಜೂನ್ ಒಂದರಂದೇ! ಶಾಲೆಗೆ ಸೇರಿಸಿಕೊಂಡ ಹೆಡ್‌ಮಾಸ್ತರರು ಮಕ್ಕಳನ್ನು ಶಾಲೆ ತೆರೆದ ದಿನವೇ ಹುಟ್ಟಿಸಿಬಿಟ್ಟಿದ್ದರು. ಜನರಲ್ ಮ್ಯಾನೇಜರ್ ಶ್ರೀನಿವಾಸಮೂರ್ತಿಯವರು ಎಲ್ಲರ ಮುಂದೆ, “ಏನಮ್ಮಾ ದಿವ್ಯಶ್ರೀ, ನಮ್ ಸಂಘದೋರೆಲ್ಲ ಒಂದೇ ಬಸುರಲ್ಲಿ ಹುಟ್ಟಿದೋರಾ?” ಎಂದು ನಕ್ಕರು. ನಗೆಗೀಡಾಗುವುದು ನನಗೆ ಅಭ್ಯಾಸವಿಲ್ಲ. ಪ್ರತಿಯೊಬ್ಬರೂ ತಮ್ಮ ನಿಜವಾದ ಜನ್ಮದಿನವನ್ನು ಹೊಸ ತಂತ್ರಾಂಶದಲ್ಲಿ ತಾವೇ ತುಂಬಬೇಕೆಂದು ಅಂದೇ ಸುತ್ತೋಲೆ ಹೊರಡಿಸಿದೆ.

ಎಲ್ಲರೂ ತುಂಬಿದರು. ಉಳಿದವರು ಒಬ್ಬರೇ: ಭದ್ರಾವತಿ ಶಾಖೆಯ ಟಪಾಲು ವಿಭಾಗದ ದುರ್ಗಮ್ಮ, ಅಂದರೆ ನಿನ್ನ ತಾಯಿ. ಶಾಖಾ ವ್ಯವಸ್ಥಾಪಕ ಶಿವಮೂರ್ತಪ್ಪನವರನ್ನು ಕೇಳಿದರೆ, “‘ಮಾತಾಡಕ್ಕೆ ಬಾಯಿದೆ, ಬರೆಯಕ್ಕೆ ಟಪಾಲಿದೆ, ನಡುವೆ ಇದ್ಯಾವ ಪೀಡೆ’ ಅಂತಾರೆ ಮೇಡಂ” ಎಂದರು. ಅವರೊಬ್ಬರಿಂದಾಗಿ ನನ್ನ ಕೆಲಸ ಪೂರ್ಣವೆನಿಸಿಕೊಳ್ಳದೆ ನಿಂತಿದೆ. ಜೂನ್ ಮೊದಲ ವಾರದ ಆಡಳಿತ ಮಂಡಳಿಯ ಸಭೆಯಲ್ಲಿ ನನ್ನ ನೌಕರಿಯನ್ನು ಕಾಯಂಗೊಳಿಸುವ ವಿಷಯವಿದೆ.

ಒಂದು ಸಂಜೆ ಅವರನ್ನು ಕೂರಿಸಿಕೊಂಡು ಖಾತೆ ತೆರೆದುಕೊಡು. ಹುಟ್ಟಿದ ದಿನಕ್ಕೆ ೨೫ ಜುಲೈ ೧೯೬೩ ಎಂದು ತುಂಬು. ‘ಶೋಭಕೃತ್ ಸಂವತ್ಸರದ ನಾಗರಪಂಚಮಿ’ ಎಂದಷ್ಟೇ ಅವರಿಗೆ ಗೊತ್ತಿದ್ದಾಗ, ಹಳೆಯ ಪಂಚಾಂಗ ಹುಡುಕಿ ಆ ದಿನಾಂಕವನ್ನು ತೆಗೆದುಕೊಟ್ಟವಳು ನಾನೇ ಅಲ್ಲವೆ? ಆ ದಿನ ಅವರು ಮಾಡುತ್ತಿದ್ದ ಕಾಯಿಹೋಳಿಗೆ ಇನ್ನೂ ನೆನಪಿದೆ. ಅಂದು ಬೆಳಿಗ್ಗೆ ಸಂಘದ ಶುಭಾಶಯ ಬಂದರೆ ಅವರಿಗೆ ಹಿತವೆನಿಸದೆ?

ಇತಿ,
ದಿವ್ಯಶ್ರೀ


ಜನ್ನಾಪುರ, ಭದ್ರಾವತಿ
೧೪ ಮೇ ೨೦೨೪

ದಿವ್ಯಾ,

ಪತ್ರವನ್ನು ಎರಡು ದಿನ ಒಡೆಯದೆ ಇಟ್ಟಿದ್ದೆ. ಅಮ್ಮನೇ ಒಡೆದಳು. “ಅಕ್ಷರ ನೋಡೇ, ಅಚ್ಚು ಹಾಕ್ದಂಗಿದೆ. ಜಂಬ ಒಂದ್ ಬಿಟ್ರೆ ಆ ಹುಡುಗೀದ್ ಎಲ್ಲಾ ಸರಿಯಾಗಿದೆ” ಎಂದಳು. ಉತ್ತರ ಬರೆಯುತ್ತಿರುವುದು ಅವಳ ಒತ್ತಾಯಕ್ಕೆ.

ನಿನ್ನ ಆ್ಯಪು ಅಮ್ಮನ ಫೋನಿಗೆ ಇಳಿಯಿತು. ಸುಲಭವಾಗಿ ಇಳಿಯಿತೆಂದು ತಿಳಿಯಬೇಡ. ಫೋಟೊ ತೆಗೆಯಬೇಕೆಂದಾಗ ಮುಖ ತೊಳೆದು ಸೀರೆ ಬದಲಿಸಿ ಬಂದಳು. ಗುಪ್ತಪದ ಕೇಳಿದಾಗ ಅಪ್ಪನ ಹೆಸರು ಹೇಳಿದಳು, ಹೇಳಿ, “ಬದುಕಿದ್ದಾಗ ಒಂದಿನಾನೂ ಹೆಸರ್ ಹಿಡಿದು ಕರೀಲಿಲ್ಲ, ಈಗ ದಿನಾ ಬೆಳಿಗ್ಗೆ ಒತ್ಬೇಕಾ?” ಎಂದು ನಕ್ಕಳು. ತನ್ನ ಹೆಸರಿನ ಪಕ್ಕ ಹಸಿರು ಚುಕ್ಕೆ ಬೆಳಗಿದ್ದನ್ನು ಕಂಡು, “ಇದೇನೇ ಮಾರಾಯ್ತಿ, ದೃಷ್ಟಿಬೊಟ್ಟು ಹಸಿರು ಬಣ್ಣದಲ್ಲಿಟ್ಟಿದಾರೆ?” ಎಂದಳು. ನೀನು ಕೆಲಸದ ಜಾಗದಲ್ಲಿರುವೆ ಎಂದು ಅದು ಎಲ್ಲರಿಗೂ ಹೇಳುತ್ತದೆ ಎಂದು ವಿವರಿಸಿದೆ. “ನಾನಿಲ್ದೇ ಇದ್ರೆ ಅಲ್ಲಿ ಗದ್ದಲ ಕೇಳ್ಸುತ್ತೆ, ಚುಕ್ಕೆ ಯಾಕ್ ಬೇಕು?” ಎಂದಳು.

ಹುಟ್ಟಿದ ದಿನದ ಕಡೆ ಬಂದಾಗ ಅಮ್ಮ ಸ್ವಲ್ಪ ಹಿಂಜರಿದಳು. ಕಚೇರಿಯಲ್ಲಿರುವುದು ಹೊಳೆಹೊನ್ನೂರು ಶಾಲೆಯ ದಿನಾಂಕ, ಜೂನ್ ಒಂದು, ೧೯೬೬. ತಮ್ಮ-ತಂಗಿಯರನ್ನು ಎತ್ತಿ ಆಡಿಸಿ ಮುಗಿದ ಮೇಲೆ ಅವಳನ್ನು ಶಾಲೆಗೆ ಸೇರಿಸಿದ್ದು. ಮೇಷ್ಟ್ರು ಒಂದನೇ ತರಗತಿಗೆ ಹೊಂದುವ ವಯಸ್ಸು ಬರೆದುಕೊಂಡರು. “ಅದನ್ನೇ ಹಾಕಣ ಬಿಡೇ” ಎಂದಳು. ನಾನು ನಿನ್ನ ಪತ್ರ ಓದಿ ಹೇಳಿದೆ. ನಿನಗೆ ಹೋಳಿಗೆ ನೆನಪಿದೆ ಎಂಬಲ್ಲಿಗೆ ಬಂದಾಗ ಅವಳ ಮುಖ ಅರಳಿತು. “ಹಾಕು ಹಂಗಾದ್ರೆ. ಆ ಹುಡುಗಿ ಹುಡುಕ್ ಕೊಟ್ಟಿದ್ ದಿನ ಅದು” ಎಂದಳು. ನಾನೇ ಒತ್ತಿದೆ.

ಇನ್ನು ನಿನ್ನ ಕೆಲಸ ಪೂರ್ಣ. ಕಾಯಂ ಆದ ಮೇಲೆ ಒಂದು ಭಾನುವಾರ ಬಾ, ಅಮ್ಮ ಕರೆಯುತ್ತಿದ್ದಾಳೆ. ನಾನು ಕರೆಯುತ್ತೇನೋ ಇಲ್ಲವೋ ಇನ್ನೂ ತೀರ್ಮಾನಿಸಿಲ್ಲ.

ವೀಣಾ


ದುರ್ಗಿಗುಡಿ, ಶಿವಮೊಗ್ಗ
೮ ಜೂನ್ ೨೦೨೪

ಪ್ರಿಯ ವೀಣಾ,

ಆಡಳಿತ ಮಂಡಳಿಯ ಸಭೆ ಮುಗಿಯಿತು. ಅಧ್ಯಕ್ಷರು ನನ್ನನ್ನು ನಿಲ್ಲಿಸಿ ಪರಿಚಯಿಸಿದರು. ಶ್ರೀನಿವಾಸಮೂರ್ತಿಯವರು “ಇಂಥೋರು ಇನ್ನೊಬ್ರಿದ್ರೆ ಅರ್ಧ ಸಿಬ್ಬಂದಿ ಸಾಕು ಸಾರ್” ಎಂದರು. ನಾನು ಕಾಯಂ ಆದೆ.

ಒಂದು ವಿಶೇಷ ನಡೆಯಿತು. ಜನರು ಹೊಸ ತಂತ್ರಾಂಶದಲ್ಲಿ ತುಂಬಿದ ಜನ್ಮದಿನಾಂಕಗಳು ಅಷ್ಟಕ್ಕೇ ನಿಲ್ಲದೆ ಹಳೆಯ ತಂತ್ರಾಂಶದ ಸೇವಾ ವಿವರಗಳಲ್ಲೂ ಹೋಗಿ ಕುಳಿತಿವೆ. ಸಭೆಯಲ್ಲಿ ಅದನ್ನು ಗಮನಿಸಿದವರು ಶ್ರೀನಿವಾಸಮೂರ್ತಿಯವರು. “ಎರಡೂ ಕಡೆ ಒಂದೇ ಸತ್ಯ! ಇದನ್ನ ಮೊದ್ಲೇ ಯೋಚ್ನೆ ಮಾಡಿದ್ಯೇನಮ್ಮಾ?” ಎಂದು ಕೇಳಿದರು. ನಾನು ಮುಗುಳ್ನಕ್ಕೆ. ಅವರು ಅದನ್ನೇ ಉತ್ತರವೆಂದು ಸ್ವೀಕರಿಸಿ ಟೇಬಲ್ಲನ್ನು ತಟ್ಟಿದರು, ಮಿಕ್ಕವರೂ ತಟ್ಟಿದರು.

ಜೂನ್ ಒಂದರಂದು ಇಡೀ ಸಂಘದಲ್ಲಿ ಶುಭಾಶಯ ಹೋದದ್ದು ಒಬ್ಬರಿಗೆ ಮಾತ್ರ. ಗೋದಾಮಿನ ಕಾವಲುಗಾರರೊಬ್ಬರು ನಿಜವಾಗಿಯೂ ಅಂದೇ ಹುಟ್ಟಿದವರಂತೆ.

ನಿನ್ನ ತಾಯಿಯ ಆಹ್ವಾನಕ್ಕೆ ವಂದನೆಗಳು. ಸದ್ಯಕ್ಕೆ ಬಿಡುವಿಲ್ಲ.

ಇತಿ,
ದಿವ್ಯಶ್ರೀ


ಜನ್ನಾಪುರ, ಭದ್ರಾವತಿ
೨೧ ಜೂನ್ ೨೦೨೪

ದಿವ್ಯಾ,

ಮಂಗಳವಾರ ಶಾಖೆಯಲ್ಲಿ ನಡೆದದ್ದನ್ನು ಅಮ್ಮ ಹೇಳಿದಂತೆಯೇ ಬರೆಯುತ್ತೇನೆ.

ಬಿತ್ತನೆಯ ಕಾಲವಾದ್ದರಿಂದ ಗೊಬ್ಬರಕ್ಕೆ ಬಂದವರ ಸಾಲು ಬಾಗಿಲಾಚೆ ಬೆಳೆದಿತ್ತು; ಟಪಾಲು ಬಿಟ್ಟು ಅಮ್ಮನೂ ಸಾಲು ನೋಡಿಕೊಳ್ಳಲು ಕುಳಿತಿದ್ದಳು. ಅಮ್ಮನ ಫೋನು ಟಣ್ ಎಂದಿತು. ಕನ್ನಡಕ ಮನೆಯಲ್ಲೇ ಉಳಿದಿತ್ತು. “ಏನ್ ಬಂದಿದೆ ಓದಿ ಸಾರ್” ಎಂದು ಶಿವಮೂರ್ತಪ್ಪನವರ ಕೈಗೆ ಕೊಟ್ಟಳು. ಅವರು ಹುಟ್ಟುಹಬ್ಬದ ಶುಭಾಶಯವಿರಬೇಕೆಂದುಕೊಂಡು ಎಲ್ಲರಿಗೂ ಕೇಳುವಂತೆ ದೊಡ್ಡ ದನಿಯಲ್ಲಿ ಓದಿದರು: ‘ಪ್ರಿಯ ದುರ್ಗಮ್ಮ, ತಮಗೆ ವಯೋನಿವೃತ್ತಿಯ ಹಾರ್ದಿಕ ಶುಭಾಶಯಗಳು. ತಮ್ಮ ಸೇವಾವಧಿಯು ೩೧ ಜುಲೈ ೨೦೨೩ರಂದು ಮುಕ್ತಾಯಗೊಂಡಿರುತ್ತದೆ.’ ಓದಿ ಮುಗಿಸುವವರೆಗೆ ಅವರಿಗೂ ಅರ್ಥವಾಗಲಿಲ್ಲ. ಅದೇ ಸಂದೇಶ ಸಂಘದ ಎಲ್ಲರಿಗೂ ಹೋಗಿತ್ತು. ಓದದೆಯೇ ಒಬ್ಬೊಬ್ಬರಾಗಿ ಚಪ್ಪಾಳೆಯ ಚಿತ್ರ ಒತ್ತತೊಡಗಿದರು. ಫೋನು ಟಣ್ ಟಣ್ ಎನ್ನುತ್ತಲೇ ಇತ್ತು.

ಸಾಲಿನಲ್ಲಿದ್ದ ಹೊಳೆಹೊನ್ನೂರಿನ ಕರಿಯಣ್ಣ ಎಂಬಾತ, “ಹೋದ ವರ್ಷನೇ ರಿಟೈರ್ ಆಗಿದೀಯಂತಲ್ಲ ದುರ್ಗಮ್ಮ! ಮತ್ತೆ ಇಲ್ಲಿ ಕೂತಿರೋದ್ ಯಾರು, ದೆವ್ವಾನಾ?” ಎಂದನಂತೆ. “ದೆವ್ವ ಅಂತ್ಲೇ ತಿಳ್ಕಳೋ ಮಾರಾಯ. ದೆವ್ವ ಆದ್ರೂ ಸಾಲ್ ತಪ್ಪಿಸಿ ಗೊಬ್ಬರ ಕೊಡಲ್ಲ, ಹಿಂದಕ್ ಹೋಗು” ಎಂದಳಂತೆ ಅಮ್ಮ. ಜನ ನಕ್ಕರು. ಅವಳೂ ನಕ್ಕಳು. ಮನೆಗೆ ಬಂದವಳು ಚಪ್ಪಲಿ ಬಿಡದೆ ನಡುಮನೆಯಲ್ಲಿ ಬಹಳ ಹೊತ್ತು ನಿಂತಿದ್ದಳು.

ನಾನೂ ನಿನ್ನ ಜೊತೆಯಲ್ಲೇ ಓದಿದವಳು. ಆಗಿರುವುದೇನೆಂದು ನಿನಗೆ ಹೇಳಬೇಕಿಲ್ಲ; ಆದರೂ ಬರೆದಿಡುತ್ತೇನೆ. ಎರಡು ತಂತ್ರಾಂಶಗಳ ನಡುವಿನ ಕೊಂಡಿಯನ್ನು ಒಮ್ಮುಖವಾಗಿ ಇಡಬೇಕಿತ್ತು. ಹಳೆಯದರಿಂದ ಹೊಸದಕ್ಕೆ ವಿವರ ಹರಿಯಬೇಕು, ಹೊಸದರಿಂದ ಹಳೆಯದಕ್ಕೆ ಹನಿಯೂ ಹೋಗಬಾರದು. ನೀನು ಎರಡೂ ಕಡೆಯ ತೂಬು ತೆರೆದಿಟ್ಟೆ. ಶುಭಾಶಯಕ್ಕೆಂದು ತುಂಬಿದ ದಿನಾಂಕ ಸೇವಾ ವಿವರದೊಳಗೆ ನುಗ್ಗಿತು, ಈ ತಿಂಗಳು ನಿವೃತ್ತಿಯ ಲೆಕ್ಕ ಹೊಸದಾಗಿ ಹಾಕಿದಾಗ ಅಮ್ಮನಿಗೆ ಅರವತ್ತು ದಾಟಿತು. ಉಳಿದವರದು ತಿಂಗಳುಗಳ ವ್ಯತ್ಯಾಸ, ಯಾರೂ ಕೇಳುತ್ತಿಲ್ಲ. ಅಮ್ಮನದು ವರ್ಷಗಳ ವ್ಯತ್ಯಾಸ.

ಶಾಲಾ ದಾಖಲೆಯ ಪ್ರಕಾರ ಅವಳಿಗೆ ಇನ್ನೂ ಎರಡು ವರ್ಷ ಸೇವೆಯಿದೆ. ನಾನು ಪಾಠ ಹೇಳುವ ಶಾಲೆ ಈ ಸಾಲಿಗೆ ನನ್ನನ್ನು ಬೇಡವೆಂದಿದೆ. ಮನೆ ನಡೆಯುವುದು ಅವಳಿಂದ. ಅದಕ್ಕಿಂತಲೂ ಅವಳೇ ಹೇಳಿದ ಮಾತು ಕೇಳು: “ಇಲ್ಲಿ ಕೂತ್ರೆ ನಾನ್ ಮುದುಕಿ ಕಣೇ. ಅಲ್ಲಿ ಕೂತ್ರೆ ದುರ್ಗಮ್ಮ.”

ನಿನ್ನಿಂದ ಆದದ್ದು. ನಿನ್ನಿಂದಲೇ ಸರಿಹೋಗುತ್ತದೆ. ಹಳೆಯ ದಿನಾಂಕವನ್ನು ಮರಳಿ ಕೂರಿಸಿಬಿಡು, ‘ಜೋಡಣೆಯಲ್ಲಿ ದೋಷವಿತ್ತು’ ಎಂದು ಮೇಲಿನವರಿಗೆ ಒಂದು ಸಾಲು ಬರೆದುಬಿಡು.

ವೀಣಾ


ದುರ್ಗಿಗುಡಿ, ಶಿವಮೊಗ್ಗ
೨೭ ಜೂನ್ ೨೦೨೪

ವೀಣಾ,

ನಿನ್ನ ಪತ್ರದ ತಾಂತ್ರಿಕ ಭಾಗವನ್ನು ಓದಿ ನನಗೆ ನಗು ಬಂತು. ಪರೀಕ್ಷೆಯಲ್ಲೂ ನೀನು ಹೀಗೆಯೇ ಉತ್ತರದ ಹತ್ತಿರದವರೆಗೆ ಬಂದು ನಿಲ್ಲುತ್ತಿದ್ದೆ. ಕೊಂಡಿಯನ್ನು ಇಮ್ಮುಖವಾಗಿ ಇಟ್ಟದ್ದು ದೋಷವಲ್ಲ, ವಿನ್ಯಾಸ. ಎರಡು ದಾಖಲೆಗಳು ಭಿನ್ನವಾಗಿ ನುಡಿದಾಗ ಸ್ವತಃ ವ್ಯಕ್ತಿಯೇ ನುಡಿದದ್ದನ್ನು ನಂಬಬೇಕೆಂಬುದು ನಾನು ಮಂಡಳಿಯ ಮುಂದೆ ವಿವರಿಸಿದ ತತ್ತ್ವ. ಮಂಡಳಿ ಅದನ್ನು ಒಪ್ಪಿ ನಡಾವಳಿಯಲ್ಲಿ ಬರೆದಾಗಿದೆ. ಅಕ್ಕಪಕ್ಕದ ತಾಲ್ಲೂಕುಗಳ ಸಂಘಗಳು ಇದೇ ವ್ಯವಸ್ಥೆಯನ್ನು ನಿಲ್ಲಿಸಿಕೊಡಲು ನನ್ನನ್ನು ಕೇಳಿವೆ. ಒಬ್ಬರಿಗೆ ಅನುಕೂಲವಾಗಲಿಲ್ಲವೆಂದು ತತ್ತ್ವ ಬದಲಾಗದು.

ಇನ್ನೊಂದು ಮಾತನ್ನು ನೀನು ಕೇಳಲೇಬೇಕು. ನಿನ್ನ ತಾಯಿಗೆ ಅರವತ್ತು ತುಂಬಿದ್ದು ನನ್ನ ತಂತ್ರಾಂಶದಿಂದಲ್ಲ, ಕಾಲದಿಂದ. ಇಷ್ಟು ವರ್ಷ ಸುಳ್ಳು ದಿನಾಂಕವೊಂದರ ನೆರಳಿನಲ್ಲಿ ಅವರು ಕುಳಿತಿದ್ದರು. ನೆರಳು ಸರಿಯಿತು, ಅಷ್ಟೆ. ಬಿಸಿಲನ್ನು ಬೈಯುವುದು ಜಾಣತನವಲ್ಲ.

ಶ್ರೀನಿವಾಸಮೂರ್ತಿಯವರು ಜುಲೈ ಹದಿನಾರರಂದು ವಿಚಾರಣೆ ಇಟ್ಟಿದ್ದಾರೆ. ತಾಂತ್ರಿಕ ಸಾಕ್ಷಿಯಾಗಿ ನಾನಿರುತ್ತೇನೆ. ಅಲ್ಲಿಯವರೆಗೆ ಈ ವಿಷಯವಾಗಿ ಬರೆಯದಿರುವುದು ಇಬ್ಬರಿಗೂ ಉಚಿತ.

ದಿವ್ಯಶ್ರೀ


ಜನ್ನಾಪುರ, ಭದ್ರಾವತಿ
೮ ಜುಲೈ ೨೦೨೪

ದಿವ್ಯಾ,

ಬರೆಯಬೇಡವೆಂದರೂ ಬರೆಯುತ್ತಿದ್ದೇನೆ. ಕಳೆದ ಪತ್ರದಲ್ಲಿ ಕೊಂಡಿಯ ವಿಷಯ ಎತ್ತಿದ್ದು ನನ್ನ ತಪ್ಪು. ನಿನ್ನ ಕೆಲಸದಲ್ಲಿ ದೋಷ ಹುಡುಕಿ ನಿನ್ನಿಂದ ಉಪಕಾರ ಪಡೆಯಲಾಗದೆಂದು ನನಗೆ ಕಾಲೇಜಿನಲ್ಲೇ ಗೊತ್ತಿರಬೇಕಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ವಿನ್ಯಾಸ ಎಂದೆಯಲ್ಲ, ವಿನ್ಯಾಸವೇ ಇರಲಿ. ನೀನೇ ಮೊದಲನೆಯವಳು.

ಈಗ ಕೇಳುವುದು ಬಹಳ ಸಣ್ಣದು. ವಿಚಾರಣೆಯಲ್ಲಿ ಅಮ್ಮ ‘ಒತ್ತುವಾಗ ಬೆರಳು ಜಾರಿತು’ ಎನ್ನುತ್ತಾಳೆ. ಅವಳೇ ಅಲ್ಲಗಳೆದರೆ ಶಾಲಾ ದಾಖಲೆಯೇ ನಿಲ್ಲುತ್ತದೆಂದು ಶಿವಮೂರ್ತಪ್ಪನವರು ವಕೀಲರೊಬ್ಬರನ್ನು ಕೇಳಿ ತಿಳಿದುಬಂದಿದ್ದಾರೆ. ಹಾಗೆ ಜಾರುವುದುಂಟೆ ಎಂದು ಶ್ರೀನಿವಾಸಮೂರ್ತಿಯವರು ನಿನ್ನನ್ನು ಕೇಳುತ್ತಾರೆ. ನೀನು ‘ಉಂಟು’ ಎನ್ನಬೇಕು. ಅಷ್ಟೇ. ಬೆರಳು ಜಾರುವುದು ಯಾರಿಗೂ ಉಂಟು. ಸುಳ್ಳು ಹೇಳಿದಂತೆಯೂ ಆಗುವುದಿಲ್ಲ.

ಅಮ್ಮ ದಿನವೂ ಅಭ್ಯಾಸ ಮಾಡುತ್ತಿದ್ದಾಳೆ. ರೊಟ್ಟಿ ತಟ್ಟುತ್ತ, “ಬೆರಳು ಜಾರ್ತು ಸಾರ್” ಎಂದು ಒಮ್ಮೆ ಅಳುಮುಖದಲ್ಲಿ, ಒಮ್ಮೆ ಗದರುವಂತೆ ಹೇಳಿ ನೋಡುತ್ತಾಳೆ. “ಯಾವ್ದ್ ಚೆನ್ನಾಗಿದೆಯೇ? ಅಳೋದಾ, ಬೈಯೋದಾ?” ಎಂದು ನನ್ನನ್ನು ಕೇಳುತ್ತಾಳೆ. ನಿನ್ನೆ, “ದಿವ್ಯ ಇರ್ತಾಳಲ್ಲ, ಬಿಡು. ನನ್ ಮುಖ ನೋಡಿದ್ ಮೇಲೆ ಆ ಹುಡುಗಿ ಬಾಯಲ್ಲಿ ಇನ್ನೊಂದ್ ಬರಲ್ಲ” ಎಂದಳು.

ನನಗೆ ಅಷ್ಟು ಭರವಸೆಯಿಲ್ಲ. ಆದ್ದರಿಂದಲೇ ಕೈಮುಗಿದು ಬರೆಯುತ್ತಿದ್ದೇನೆ. ನಾನು ನಿನಗೆ ಕೈಮುಗಿದದ್ದು ಇದೇ ಮೊದಲು. ಈ ಪತ್ರವನ್ನು ಬೇಕಾದರೆ ಇಟ್ಟುಕೋ.

ವೀಣಾ


ದುರ್ಗಿಗುಡಿ, ಶಿವಮೊಗ್ಗ
೨೦ ಜುಲೈ ೨೦೨೪

ವೀಣಾ,

ವಿಚಾರಣೆಯ ವಿವರ ನಿನ್ನ ತಾಯಿಯಿಂದ ನಿನಗೆ ತಲುಪಿರುತ್ತದೆ. ಭಾವೋದ್ವೇಗದಲ್ಲಿ ಕೆಲವಂಶಗಳು ತಿರುಚಿಕೊಂಡಿರಬಹುದಾದ್ದರಿಂದ ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

ಶ್ರೀನಿವಾಸಮೂರ್ತಿಯವರು ಸೌಜನ್ಯದಿಂದಲೇ ಆರಂಭಿಸಿದರು. ಕುರ್ಚಿ ಹಾಕಿಸಿದರು. “ದುರ್ಗಮ್ಮನೋರೆ, ಈ ತಾರೀಖು ನೀವೇ ತುಂಬಿದ್ದಾ?” ಎಂದು ಕೇಳಿದರು. ನಿನ್ನ ತಾಯಿ, “ಬೆರಳು ಜಾರ್ತು ಸಾರ್. ಹಾಳ್ ಫೋನು, ಒಂದ್ ಒತ್ತಿದ್ರೆ ಇನ್ನೊಂದ್ ಬೀಳುತ್ತೆ. ನನ್ ಹೆಬ್ಬೆಟ್ ನೋಡಿ, ಎಷ್ಟ್ ದಪ್ಪ ಇದೆ” ಎಂದರು. ಶಿವಮೂರ್ತಪ್ಪನವರು ನಕ್ಕರು. ಶ್ರೀನಿವಾಸಮೂರ್ತಿಯವರೂ ನಕ್ಕು ನನ್ನ ಕಡೆ ತಿರುಗಿ, “ಏನಮ್ಮಾ, ಹಂಗಾಗೋದುಂಟಾ?” ಎಂದರು.

ನೀನು ಬೇಡಿದ ಪದ ನನ್ನ ನಾಲಿಗೆಯ ಮೇಲೆ ಇತ್ತು, ಇರಲಿಲ್ಲವೆಂದು ಹೇಳುವುದಿಲ್ಲ. ಆದರೆ ‘ಉಂಟು’ ಎಂದಿದ್ದರೆ ಮುಂದಿನ ಪ್ರಶ್ನೆ ಏನಾಗಿರುತ್ತಿತ್ತು, ಯೋಚಿಸಿದ್ದೀಯಾ? ಫೋನಿನ ಮೇಲೆ ಜಾರಿದ ಬೆರಳು ಸಂಘದ ಸೇವಾ ವಿವರದವರೆಗೆ ಹೇಗೆ ತಲುಪಿತು ಎಂದು ಕೇಳುತ್ತಿದ್ದರು. ಯಾರ ಬೆರಳು ಎಲ್ಲಿ ಜಾರಿದರೂ ಬದಲಾಗುವ ದಾಖಲೆಯನ್ನು ಕಟ್ಟಿದವಳು ಎಂದು ನನ್ನನ್ನು ಕರೆಯುತ್ತಿದ್ದರು. ಇದೇ ಕೊಠಡಿಯಲ್ಲಿ, ನನಗಾಗಿ ಟೇಬಲ್ಲು ತಟ್ಟಿದ ಅದೇ ಜನ.

“ಇಲ್ಲ ಸರ್,” ಎಂದೆ. “ಬೆರಳು ಜಾರಿಲ್ಲ. ಇದು ಅವರ ನಿಜವಾದ ಹುಟ್ಟಿದ ದಿನ. ಆ ದಿನ ಅವರ ಮನೆಯಲ್ಲಿ ನಾನೇ ಕಾಯಿಹೋಳಿಗೆ ಉಂಡಿದ್ದೇನೆ.”

ನಿನ್ನ ತಾಯಿ ನನ್ನನ್ನು ದಿಟ್ಟಿಸಿ ನೋಡಿದರು. ಅತ್ತಾರು ಎಂದು ಭಾವಿಸಿದ್ದೆ, ಅಳಲಿಲ್ಲ. ಶ್ರೀನಿವಾಸಮೂರ್ತಿಯವರ ಕಡೆ ತಿರುಗಿ, “ಹೌದು ಸಾರ್, ಉಂಡಿದಾಳೆ. ಎರಡ್ನೇ ಸಲ ಬಡಿಸ್ಕೊಂಡು, ತುಪ್ಪ ಸಾಲ್ದು ಅಂತ ಕೇಳಿ ಹಾಕಿಸ್ಕೊಂಡು ಉಂಡಿದಾಳೆ. ಅದನ್ನೂ ಬರ್ಕೊಳ್ಳಿ” ಎಂದರು. ಹೇಳಿಕೆಗೆ ಸಹಿ ಹಾಕಿದರು. ಅಂದಿಗೇ ಅವರನ್ನು ಸೇವೆಯಿಂದ ಬಿಡುಗಡೆಗೊಳಿಸಲಾಯಿತು.

ನ್ಯಾಯಾಲಯಕ್ಕೆ ಹೋಗುವ ಹಕ್ಕು ನಿಮಗಿದೆ. ತೀರ್ಪು ಬರುವಷ್ಟರಲ್ಲಿ ಎರಡೂ ದಿನಾಂಕಗಳ ಪ್ರಕಾರ ಅವರು ನಿವೃತ್ತರಾಗಿರುತ್ತಾರೆ ಎಂಬುದನ್ನು ಹಿತೈಷಿಯಾಗಿ ತಿಳಿಸುತ್ತೇನೆ. ಇಪ್ಪತ್ತೈದರಂದು ಅವರಿಗೆ ಹುಟ್ಟುಹಬ್ಬದ ಶುಭಾಶಯ ಹೋಗದಂತೆ ಖಾತೆಯನ್ನು ನಾನೇ ಮುಂಚಿತವಾಗಿ ಮುಚ್ಚಿದ್ದೇನೆ. ಅಷ್ಟು ಸೂಕ್ಷ್ಮ ನನಗಿದೆ.

ಕೊನೆಯದಾಗಿ, ನಾನು ಹೃದಯಹೀನಳೆಂದು ನೀನು ತೀರ್ಮಾನಿಸುವ ಮೊದಲು ಇದನ್ನು ಓದು. ಟಪಾಲು ವಿಭಾಗವನ್ನು ರದ್ದುಪಡಿಸಿ, ಆ ಸ್ಥಾನದಲ್ಲಿ ಭದ್ರಾವತಿ ಶಾಖೆಗೆ ಸಂದೇಶ ವ್ಯವಸ್ಥೆಯ ಸಂಯೋಜಕರೊಬ್ಬರನ್ನು ನೇಮಿಸಲಿದ್ದೇವೆ. ಗಣಕ ವಿಜ್ಞಾನದ ಪದವಿ ಬೇಕು. ನಿನ್ನ ಹೆಸರನ್ನು ಸೂಚಿಸಿದ್ದೇನೆ. ನನ್ನ ಸೂಚನೆಯನ್ನು ಇಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ನೀನು ನನ್ನ ಕೈಕೆಳಗೆ ಕೆಲಸ ಮಾಡಬೇಕಾಗುತ್ತದೆ.

ಆಗಸ್ಟ್ ಹತ್ತರೊಳಗೆ ಒಪ್ಪಿಗೆ ತಿಳಿಸುವುದು.

ದಿವ್ಯಶ್ರೀ
ಗಣಕ ಅಧಿಕಾರಿ


ಭದ್ರಾವತಿ
೧೯ ಆಗಸ್ಟ್ ೨೦೨೪

ಮಾನ್ಯರೆ,

ಒಪ್ಪಿಗೆಯನ್ನು ನಿಗದಿತ ದಿನದೊಳಗೆ ಕಚೇರಿಗೆ ಕಳಿಸಿದ್ದೆ. ಇಂದು ಬೆಳಿಗ್ಗೆ ಕೆಲಸಕ್ಕೆ ಹಾಜರಾದೆ. ಈ ಪತ್ರ ಕಚೇರಿಯ ವ್ಯವಹಾರಕ್ಕೆ ಸೇರಿದ್ದಲ್ಲ. ಇಂಥದ್ದು ಇದೇ ಕೊನೆಯದು.

ಯಾಕೆ ಒಪ್ಪಿದೆ ಎಂದು ನೀವು ಕೇಳುವುದಿಲ್ಲ. ಒಪ್ಪುತ್ತೇನೆಂದು ಗೊತ್ತಿದ್ದೇ ಬರೆದಿರಿ. ಮನೆಯಲ್ಲಿ ದುಡಿಯುವವರಿಲ್ಲ ಎಂಬುದು ಒಂದು ಕಾರಣ. ಅದನ್ನು ಎಲ್ಲರಿಗೂ ಹೇಳಬಹುದು. ಇನ್ನೊಂದು ಕಾರಣವೆಂದರೆ, ನಿಮ್ಮ ಪತ್ರದ ಕೊನೆಯ ಭಾಗವನ್ನು ಓದುವಾಗ ನನಗೆ ಕೋಪ ಬರುವುದಕ್ಕೆ ಮೊದಲು ಸಂತೋಷವಾಯಿತು. ಅರೆಕ್ಷಣ. ಅಷ್ಟು ಸಾಕಾಯಿತು.

ಸಂಯೋಜಕಿಗೆ ವ್ಯವಸ್ಥೆಯ ಬದಲಾವಣೆಗಳ ಇತಿಹಾಸವನ್ನು ನೋಡುವ ಅಧಿಕಾರವಿದೆ. ಬೆಳಿಗ್ಗೆ ಮೊದಲು ನೋಡಿದ್ದು ಅದನ್ನೇ. ವಿಚಾರಣೆಯ ಮರುದಿನ ನೀವು ಕೊಂಡಿಯನ್ನು ಒಮ್ಮುಖ ಮಾಡಿದ್ದೀರಿ. ಈಗ ಹಳೆಯದರಿಂದ ಹೊಸದಕ್ಕೆ ಮಾತ್ರ ಹರಿಯುತ್ತದೆ. ಇನ್ನು ಯಾರ ಹುಟ್ಟುಹಬ್ಬವೂ ಸೇವಾ ವಿವರವನ್ನು ಮುಟ್ಟಲಾರದು. ಒಳ್ಳೆಯ ಕೆಲಸ. ಶ್ರೀನಿವಾಸಮೂರ್ತಿಯವರು ಸ್ವಾಗತಿಸಲು ಕರೆ ಮಾಡಿ, “ಎಲ್ಲ ಸರಿಯಾಗಿದೆಯೇನಮ್ಮ?” ಎಂದು ಕೇಳಿದರು. ಸರಿಯಾಗಿದೆ ಸರ್ ಎಂದೆ. ಹೇಳುವುದು ಅಷ್ಟು ಸುಲಭವೆಂದು ತಿಳಿದಿರಲಿಲ್ಲ.

ಅಮ್ಮನಿಗೆ ನಾನು ವಿಷಯ ಹೇಳಿರಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ಕಳೆದೆ. ಅವಳ ಖಾತೆ ಮುಚ್ಚಿದ್ದರಿಂದ ನನ್ನ ನೇಮಕವನ್ನು ಸಾರಿದ ಸಂದೇಶ ಅವಳಿಗೆ ತಲುಪುವಂತಿರಲಿಲ್ಲ. ನಿನ್ನೆ ಸಂಜೆ ಶಿವಮೂರ್ತಪ್ಪನವರು ಪೇಡ ಹಿಡಿದು ಮನೆಗೇ ಬಂದರು. “ಅಮ್ಮನ ಜಾಗಕ್ಕೆ ಮಗಳೇ ಬರ್ತಿರೋದು ನಮ್ಗೂ ಸಮಾಧಾನ ನೋಡಿ ದುರ್ಗಮ್ಮನೋರೆ” ಎಂದರು. ಅಮ್ಮ ಪೇಡ ತೆಗೆದುಕೊಂಡಳು. ಕಾಫಿ ಮಾಡಿಕೊಟ್ಟಳು. ಮಳೆ, ಗೊಬ್ಬರದ ಸಾಲು, ಕರಿಯಣ್ಣನ ಮಗಳ ಮದುವೆ ಎಲ್ಲವನ್ನೂ ವಿಚಾರಿಸಿದಳು. ಅವರನ್ನು ಬಾಗಿಲವರೆಗೆ ಕಳಿಸಿ ಬಂದವಳು ಲೋಟಗಳನ್ನು ಬಚ್ಚಲಿಗೆ ಹಾಕಿ ಮಲಗಿಬಿಟ್ಟಳು.

ಬೆಳಿಗ್ಗೆ ಎದ್ದಾಗ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ನಾನು ತಟ್ಟೆ ಹಾಕಿಕೊಂಡು ಕುಳಿತೆ. ಅಮ್ಮ ತನಗೊಬ್ಬಳಿಗೆ ಬಡಿಸಿಕೊಂಡು ಎದುರಿಗೆ ಕುಳಿತಳು. “ಅಮ್ಮಾ, ನಂಗೆ?” ಎಂದೆ.

ಅವಳು ತುತ್ತು ಕಲಸುತ್ತಲೇ ಹೇಳಿದಳು: “ಸಂಘದೋರಿಗೆ ಇನ್ಮೇಲ್ ಈ ಮನೇಲಿ ಬಡ್ಸಲ್ಲ ಕಣಮ್ಮ. ಒಬ್ಳಿಗೆ ಬಡಿಸಿ ನೋಡಾಯ್ತು.”

ಅವಳು ಉಂಡು ಏಳುವವರೆಗೂ ನಾನು ಕುಳಿತಿದ್ದೆ. ಆಮೇಲೆ ಖಾಲಿ ತಟ್ಟೆಯನ್ನು ತೊಳೆದಿಟ್ಟು ಶಾಖೆಗೆ ಬಂದು ಖಾತೆ ತೆರೆದೆ. ನನ್ನ ಚುಕ್ಕೆ ನಿಮಗೆ ಹಸಿರಾಗಿ ಕಂಡಿರಬೇಕು.

ತಮ್ಮ ವಿಶ್ವಾಸಿ,
ವೀಣಾ
ಸಂಯೋಜಕಿ, ಭದ್ರಾವತಿ ಶಾಖೆ